ಹೆಸರು ಹೇಳದವರ ಪ್ರಶ್ನೆ, ಉತ್ತರ ಹೇಳುವ ಗೋಡೆ

ಗ್ರಂಥಾಲಯದ ಮೇಜಿನ ಮುಂದೆ ಹೋಗಿ ನಿಂತು, ಕೇಳಬೇಕೆಂದಿದ್ದ ಮಾತು ಬಾಯಿಗೆ ಬಾರದೆ, ‘ಏನಿಲ್ಲ ಸಾರ್’ ಎಂದು ಹಿಂದಿರುಗಿ ಬಂದ ಅನುಭವ ವಿದ್ಯಾರ್ಥಿದೆಸೆಯಲ್ಲಿ ನಮ್ಮಲ್ಲಿ ಅನೇಕರಿಗೆ ಆಗಿರುತ್ತದೆ. ಪ್ರಶ್ನೆ ದೊಡ್ಡದೇನೂ ಇರುವುದಿಲ್ಲ. ಬೇಕಾದ ಪುಸ್ತಕ ಯಾವ ಕಪಾಟಿನಲ್ಲಿದೆ, ಪ್ರಬಂಧ ಬರೆಯುವುದನ್ನು ಎಲ್ಲಿಂದ ಶುರು ಮಾಡಬೇಕು ಎಂಬಷ್ಟೇ. ಆದರೆ ‘ಇಷ್ಟೂ ಗೊತ್ತಿಲ್ಲವೇ’ ಎಂದು ಎದುರಿನವರು ಅಂದುಕೊಂಡರೆ ಎಂಬ ಅಳುಕು ನಾಲಿಗೆಯನ್ನು ಕಟ್ಟಿಹಾಕುತ್ತದೆ. ಇನ್ನು ಕೆಲವು ಪ್ರಶ್ನೆಗಳಂತೂ ಯಾರ ಮುಖ ನೋಡಿಕೊಂಡೂ ಕೇಳಲಾಗದಂಥವು. ದೇಹಕ್ಕೆ ಸಂಬಂಧಪಟ್ಟವು, ಪ್ರೀತಿಗೆ ಸಂಬಂಧಪಟ್ಟವು, ಮನೆಯ ಬಡತನಕ್ಕೆ, ಜಾತಿಗೆ, ದೇವರ ಮೇಲಿನ ಅಪನಂಬಿಕೆಗೆ ಸಂಬಂಧಪಟ್ಟವು. ಅವು ಕೇಳುವವನೊಳಗೇ ಉಳಿದುಬಿಡುತ್ತವೆ.

ಹೀಗೆ ಒಳಗೇ ಉಳಿದ ಪ್ರಶ್ನೆಗಳನ್ನು ಹೊರಗೆ ತರಲು ಅಮೆರಿಕದ ಒಂದು ವಿಶ್ವವಿದ್ಯಾಲಯದ ಗ್ರಂಥಾಲಯ ಬಹಳ ಸರಳವಾದ ಉಪಾಯವೊಂದನ್ನು ಹುಡುಕಿತು. ಮಸಾಚುಸೆಟ್ಸ್ ರಾಜ್ಯದ ಬಾಸ್ಟನ್ ಕಾಲೇಜು 1863ರಲ್ಲಿ ಜೆಸ್ವಿಟ್ ಪಾದ್ರಿಗಳು ಸ್ಥಾಪಿಸಿದ ಸಂಸ್ಥೆ. ಹೆಸರಿನಲ್ಲಿ ಕಾಲೇಜು ಎಂದಿದ್ದರೂ ಅದು ವಿಶ್ವವಿದ್ಯಾಲಯವೇ. ಅದರ ಮುಖ್ಯ ಗ್ರಂಥಾಲಯಕ್ಕೆ, ಅಲ್ಲಿಯೇ ಓದಿ ಮುಂದೆ ಅಮೆರಿಕ ಸಂಸತ್ತಿನ ಕೆಳಮನೆಯ ಸಭಾಧ್ಯಕ್ಷರಾದ ಟಿಪ್ ಓನೀಲ್ ಅವರ ಹೆಸರಿದೆ. ಆ ಗ್ರಂಥಾಲಯದ ಒಂದು ಗೋಡೆ 2010ರ ದಶಕದಲ್ಲಿ ‘ಉತ್ತರದ ಗೋಡೆ’ಯಾಯಿತು. ವಿದ್ಯಾರ್ಥಿಗಳು ತಮಗೆ ತೋಚಿದ ಪ್ರಶ್ನೆಯನ್ನು ಅಂಗೈಯಗಲದ ಅಂಟುಚೀಟಿಯ ಮೇಲೆ ಬರೆದು, ಹೆಸರು ಹಾಕದೆ, ಅಲ್ಲಿ ಅಂಟಿಸಿ ಹೋಗಬಹುದಾಗಿತ್ತು. ಸ್ವಲ್ಪ ಸಮಯದಲ್ಲೇ ಅದಕ್ಕೆ ಉತ್ತರವೂ ಅಲ್ಲಿಯೇ ಕಾಣಿಸಿಕೊಳ್ಳುತ್ತಿತ್ತು. ಉತ್ತರಕ್ಕೂ ಸಹಿ ಇರುತ್ತಿರಲಿಲ್ಲ. ಮಾತನಾಡುತ್ತಿದ್ದುದು ಗೋಡೆಯೇ. ಪ್ರೇಮದ ಬಗ್ಗೆ ಕೇಳಿದರೆ, ತಾನು ಗೋಡೆಯಾದ್ದರಿಂದ ಸ್ವಂತ ಅನುಭವವಿಲ್ಲವೆಂಬ ಧಾಟಿಯಲ್ಲಿ ತಮಾಷೆ ಮಾಡಿ, ಆಮೇಲೆ ಗಂಭೀರವಾಗಿ ನಾಲ್ಕು ಮಾತು ಹೇಳಿ, ಓದಲು ಒಂದು ಪುಸ್ತಕವನ್ನು ಸೂಚಿಸುವುದು ಅದರ ರೀತಿ. ಗೋಡೆಯ ಹಿಂದೆ ಇದ್ದುದು ಗ್ರಂಥಾಲಯದ ಸಿಬ್ಬಂದಿ. 2018ರ ಹೊತ್ತಿಗೆ ಈ ಗೋಡೆ ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಅಮೆರಿಕದಲ್ಲಿ ಇದು ಮೊದಲನೆಯದೇನೂ ಅಲ್ಲ. ಇಲಿನಾಯ್ ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳ ಗ್ರಂಥಾಲಯದಲ್ಲಿ ಇಂಥದೇ ಒಂದು ಪ್ರಶ್ನಾಫಲಕ ಬಹಳ ಹಿಂದಿನಿಂದ ಇತ್ತು. ಪಕ್ಕದ ಪ್ರಾಯೋಗಿಕ ಹೊಲದ ಜೋಳದ ಮೇಲೆ ಕಟ್ಟಡದ ನೆರಳು ಬೀಳಬಾರದೆಂದು ನೆಲದಡಿಯಲ್ಲಿ ಕಟ್ಟಿದ ಗ್ರಂಥಾಲಯವದು. 1969ರಲ್ಲಿ ಆರಂಭವಾಗಿ 2022ರಲ್ಲಿ ಮುಚ್ಚಿತು. ಕಾರ್ನೆಲ್ ವಿಶ್ವವಿದ್ಯಾಲಯ 1986ರಲ್ಲಿ ಆವರಣದ ಗಣಕಯಂತ್ರಗಳ ಜಾಲದಲ್ಲಿ ತನ್ನ ಸಂಸ್ಥಾಪಕ ಎಜ್ರಾ ಕಾರ್ನೆಲ್ ಹೆಸರಿನ ‘ಎಜ್ರಾ ಮಾಮ’ನನ್ನು ಕೂರಿಸಿತು. ವಿದ್ಯಾರ್ಥಿಗಳು ಹೆಸರು ಹೇಳದೆ ಕೇಳುವುದು, ಮಾಮ ಎಲ್ಲರೂ ಓದುವಂತೆ ಉತ್ತರಿಸುವುದು. ಕೊಲಂಬಿಯಾ ವಿಶ್ವವಿದ್ಯಾಲಯದ ಆರೋಗ್ಯ ವಿಭಾಗ 1993ರಲ್ಲಿ ‘ಆಲಿಸ್’ ಎಂಬ ಹೆಸರಿನಲ್ಲಿ ಇದೇ ಕೆಲಸವನ್ನು ಕೈಗೆತ್ತಿಕೊಂಡಿತು.

ಇವೆಲ್ಲ ವಿದ್ಯಾರ್ಥಿಗಳ ಕಾಲಹರಣವೆಂದು ಪಕ್ಕಕ್ಕಿಡಬಹುದಿತ್ತು. ಆದರೆ ಈ ಚೀಟಿಗಳ ಹಿಂದೆ ಮುನ್ನೂರು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ತಿಳಿಯುವ ಹಕ್ಕಿಗೂ ಮುಚ್ಚಿಟ್ಟುಕೊಳ್ಳುವ ಹಕ್ಕಿಗೂ ಇರುವ ನಂಟು ಆ ಇತಿಹಾಸದಲ್ಲಿ ಕಾಣಸಿಗುತ್ತದೆ.

ಕಾಫಿ ಅಂಗಡಿಯ ವಿದ್ವಾಂಸರು

1691ರ ಮಾರ್ಚ್ ತಿಂಗಳಲ್ಲಿ ಲಂಡನ್ನಿನ ಪುಸ್ತಕ ವ್ಯಾಪಾರಿ ಜಾನ್ ಡಂಟನ್ ಹೊಸ ಬಗೆಯ ಪತ್ರಿಕೆಯೊಂದನ್ನು ಹೊರಡಿಸಿದ. ಮುಂದೆ ‘ಅಥೀನಿಯನ್ ಮರ್ಕ್ಯುರಿ’ ಎಂದು ಹೆಸರಾದ ಈ ಪತ್ರಿಕೆಯಲ್ಲಿ ಸುದ್ದಿ ಇರಲಿಲ್ಲ. ಇದ್ದುದು ಓದುಗರ ಪ್ರಶ್ನೆಗಳು ಮತ್ತು ಅವಕ್ಕೆ ಉತ್ತರಗಳು ಮಾತ್ರ. ಯಾರು ಬೇಕಾದರೂ ಹೆಸರು ತಿಳಿಸದೆ ಪ್ರಶ್ನೆ ಬರೆದು ಪೌಲ್ಟ್ರಿ ಬೀದಿಯ ಬಳಿಯಿದ್ದ ಸ್ಮಿತ್ ಎಂಬುವನ ಕಾಫಿ ಅಂಗಡಿಗೆ ಕಳಿಸಬಹುದಾಗಿತ್ತು. ಉತ್ತರಿಸುವವರು ‘ಅಥೀನಿಯನ್ ಸಂಘ’ದ ವಿದ್ವಾಂಸರೆಂದು ಪ್ರಚಾರ. ಅದೇನೋ ದೊಡ್ಡ ವಿದ್ವತ್ ಪರಿಷತ್ತೆಂದು ಜನ ನಂಬಿದರು. ವಾಸ್ತವವಾಗಿ ಅಲ್ಲಿದ್ದವರು ಬೆರಳೆಣಿಕೆಯ ಮಂದಿ. ಡಂಟನ್, ಗಣಿತ ಬಲ್ಲ ರಿಚರ್ಡ್ ಸಾಲ್ಟ್, ಪಾದ್ರಿ ಸ್ಯಾಮ್ಯುಯೆಲ್ ವೆಸ್ಲಿ, ಇವರಿಗೆ ನೆರವಾಗುತ್ತಿದ್ದ ತತ್ವಶಾಸ್ತ್ರಜ್ಞ ಜಾನ್ ನಾರಿಸ್. ಆಗಿನ್ನೂ ತರುಣನಾಗಿದ್ದ ಜೊನಾಥನ್ ಸ್ವಿಫ್ಟ್ ಈ ಸಂಘದ ಸ್ತುತಿಯಾಗಿ ಬರೆದ ಪದ್ಯವೇ ಅಚ್ಚಾದ ಅವನ ಮೊದಲ ಪದ್ಯವಾಯಿತು.

ಪ್ರಶ್ನೆಗಳು ಎಲ್ಲ ಕಡೆಯಿಂದಲೂ ಬಂದವು. ಪ್ರಕೃತಿ ವಿಜ್ಞಾನ, ಧರ್ಮಸೂಕ್ಷ್ಮ, ಮದುವೆ, ವಿರಹ ಎಲ್ಲವೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕುಳಿತವು. ಹೆಂಗಸರ ಪ್ರಶ್ನೆಗಳಿಗೆ ಪ್ರತ್ಯೇಕ ಸಂಚಿಕೆಗಳನ್ನೇ ಮೀಸಲಿಡಬೇಕಾಯಿತು. ಅಲ್ಲಿಯವರೆಗೆ ಸಂದೇಹ ಬಂದವನು ಪಾದ್ರಿಯ ಬಳಿಗೋ ಗುರುವಿನ ಬಳಿಗೋ ಹೋಗಬೇಕಿತ್ತು. ಹೋದೊಡನೆ ಅವನು ಯಾರ ಮಗ, ಯಾವ ಅಂತಸ್ತಿನವನು ಎಂಬುದು ಪ್ರಶ್ನೆಗಿಂತ ಮೊದಲು ತಿಳಿದುಬಿಡುತ್ತಿತ್ತು. ಹೆಸರಿಲ್ಲದ ಕಾಗದಕ್ಕೆ ಕುಲಗೋತ್ರವಿಲ್ಲ. ಮನೆಯ ಕೆಲಸದವಳ ಪ್ರಶ್ನೆಗೂ ಶ್ರೀಮಂತನ ಪ್ರಶ್ನೆಗೂ ಒಂದೇ ಅಳತೆಯ ಉತ್ತರ. ಆರು ವರ್ಷ ನಡೆದು ಪತ್ರಿಕೆ 1697ರಲ್ಲಿ ನಿಂತಿತು. ಆದರೆ ಅದು ತೋರಿಸಿಕೊಟ್ಟ ದಾರಿ ಉಳಿಯಿತು. ನಮ್ಮ ‘ಸುಧಾ’ ವಾರಪತ್ರಿಕೆಯಲ್ಲಿ ಬೀಚಿಯವರು ಓದುಗರ ಪ್ರಶ್ನೆಗಳಿಗೆ ಕೊಡುತ್ತಿದ್ದ ಚುರುಕು ಉತ್ತರಗಳನ್ನು ಹಿರಿಯ ಓದುಗರು ಮರೆತಿರಲಾರರು. ಪತ್ರಿಕೆಯ ಪ್ರಶ್ನೋತ್ತರದ ಆ ದೀರ್ಘ ಪರಂಪರೆಯ ಮೂಲವನ್ನು ಹುಡುಕುತ್ತಾ ಹೋದರೆ ನಾವು ತಲಪುವುದು ಇದೇ ಕಾಫಿ ಅಂಗಡಿಗೆ.

ಛತ್ರದ ಯಜಮಾನನಂತೆ

ಪ್ರಶ್ನೆಗೆ ಉತ್ತರಿಸುವುದು ಗ್ರಂಥಾಲಯದ ಕೆಲಸವೆಂದು ಜನ ಒಪ್ಪಿದ್ದು ತೀರ ಈಚೆಗೆ. ಗ್ರಂಥಪಾಲಕನೆಂದರೆ ಬಹುಕಾಲ ಪುಸ್ತಕಗಳ ಕಾವಲುಗಾರನೇ ಆಗಿದ್ದ. ಒಳಗಿದ್ದ ಪುಸ್ತಕ ಹೊರಗೆ ಹೋಗದಂತೆ ನೋಡಿಕೊಂಡರೆ ಅವನ ಕರ್ತವ್ಯ ಮುಗಿಯಿತು.

ಈ ಭಾವನೆಯನ್ನು ಅಲುಗಾಡಿಸಿದವರಲ್ಲಿ ಮೊದಲಿಗರು ಸ್ಯಾಮ್ಯುಯೆಲ್ ಸ್ವೆಟ್ ಗ್ರೀನ್. ಬಾಸ್ಟನ್ನಿನಿಂದ ಸುಮಾರು 65 ಕಿಲೋಮೀಟರ್ ದೂರದ ವುಸ್ಟರ್ ಎಂಬ ಕೈಗಾರಿಕಾ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರು ಅವರು. 1876ರ ಅಕ್ಟೋಬರ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಗ್ರಂಥಪಾಲಕರ ಸಮ್ಮೇಳನದಲ್ಲಿ ಅಮೆರಿಕದ ಗ್ರಂಥಾಲಯ ಸಂಘ ಹುಟ್ಟಿತು. ಗ್ರಂಥಪಾಲಕರು ಮತ್ತು ಓದುಗರ ನಡುವಿನ ವೈಯಕ್ತಿಕ ಸಂಬಂಧದ ಬಗ್ಗೆ ಗ್ರೀನ್ ತಮ್ಮ ವಿಚಾರಗಳನ್ನು ಮಂಡಿಸಿದ್ದು ಅಲ್ಲಿಯೇ. ಜನಸಾಮಾನ್ಯರಿಗೆ ಗ್ರಂಥಾಲಯದ ಸೂಚಿಗಳನ್ನು ಬಳಸಲು ತಿಳಿಯದು, ಕೇಳಲು ಸಂಕೋಚ. ಆದ್ದರಿಂದ ಹಳೆಯ ಕಾಲದ ಛತ್ರದ ಯಜಮಾನ ಅತಿಥಿಯನ್ನು ಬರಮಾಡಿಕೊಳ್ಳುವಂತೆ ಗ್ರಂಥಪಾಲಕ ಓದುಗನನ್ನು ಬರಮಾಡಿಕೊಳ್ಳಬೇಕು ಎಂಬುದು ಅವರ ವಾದ. ಗಿರಾಕಿ ಏನನ್ನೂ ಕೊಳ್ಳದೆ ಹೊರಟರೆ ಅಂಗಡಿಯವನಿಗೆ ಎಷ್ಟು ಬೇಸರವೋ, ಪ್ರಶ್ನೆಗೆ ಉತ್ತರ ಸಿಗದೆ ಓದುಗ ಹೊರಟರೆ ಗ್ರಂಥಪಾಲಕನಿಗೂ ಅಷ್ಟೇ ಬೇಸರವಾಗಬೇಕು ಎಂದೂ ಅವರು ಹೇಳಿದರು. ಇಂದು ನಾವು ಪರಾಮರ್ಶನ ಸೇವೆ ಎಂದು ಕರೆಯುವ ವ್ಯವಸ್ಥೆಗೆ ಈ ಭಾಷಣವೇ ತಳಹದಿ ಎಂದು ಇತಿಹಾಸಕಾರರು ಎಣಿಸುತ್ತಾರೆ.

ಭಾರತದಲ್ಲಿ ಈ ವಿಚಾರಕ್ಕೆ ಶಾಸ್ತ್ರದ ಸ್ವರೂಪ ಕೊಟ್ಟವರು ಎಸ್. ಆರ್. ರಂಗನಾಥನ್. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಬೋಧಿಸುತ್ತಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಮೊದಲ ದಿನಗಳಲ್ಲಿ ಅವರಿಗೆ ಆ ಕೆಲಸ ಎಷ್ಟು ಬೇಸರ ತರಿಸಿತೆಂದರೆ, ಮತ್ತೆ ಪಾಠ ಮಾಡಲು ಹೋಗುತ್ತೇನೆಂದು ಮೇಲಿನವರಲ್ಲಿ ಕೇಳಿಕೊಂಡರು. ಒಮ್ಮೆ ಲಂಡನ್ನಿಗೆ ಹೋಗಿ ಬನ್ನಿ, ಆಮೇಲೂ ಮನಸ್ಸು ಬದಲಾಗದಿದ್ದರೆ ನೋಡೋಣ ಎಂದು ಅವರನ್ನು ಕಳಿಸಿಕೊಟ್ಟರು. ಅಲ್ಲಿ ಕೂಲಿಕಾರರಿಗೂ ಮಕ್ಕಳಿಗೂ ತೆರೆದಿದ್ದ ಗ್ರಂಥಾಲಯಗಳನ್ನು ಕಂಡು ಬಂದ ರಂಗನಾಥನ್ ಮತ್ತೆ ಗಣಿತದ ಕಡೆಗೆ ತಿರುಗಲಿಲ್ಲ. 1931ರಲ್ಲಿ ಪ್ರಕಟವಾದ ಅವರ ಪಂಚಸೂತ್ರಗಳು ಗ್ರಂಥಾಲಯ ವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಬಾಯಿಪಾಠ. ಪುಸ್ತಕವಿರುವುದು ಬಳಸುವುದಕ್ಕೆ ಎಂಬಲ್ಲಿಂದ ಅವು ಆರಂಭವಾಗುತ್ತವೆ. ಪ್ರತಿಯೊಬ್ಬ ಓದುಗನಿಗೂ ಅವನ ಪುಸ್ತಕ ದೊರೆಯಬೇಕು ಎನ್ನುವುದು ಎರಡನೆಯದು. ಓದುಗನನ್ನೂ ಪುಸ್ತಕವನ್ನೂ ಎದುರುಬದುರು ತರುವ ಪರಾಮರ್ಶನ ಸೇವೆಗಾಗಿಯೇ ಅವರು ಪ್ರತ್ಯೇಕ ಗ್ರಂಥವನ್ನೂ ಬರೆದರು. ಅವರ ಕೊನೆಯ ವರ್ಷಗಳು ಕಳೆದದ್ದು ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲಿ ಅವರು ಕಟ್ಟಿದ ದಾಖಲೀಕರಣ ಸಂಶೋಧನ ಮತ್ತು ತರಬೇತಿ ಕೇಂದ್ರದಿಂದ ಹಲವು ತಲೆಮಾರಿನ ಗ್ರಂಥಪಾಲಕರು ಹೊರಬಂದರು. 1972ರಲ್ಲಿ ಅವರು ತೀರಿಕೊಂಡದ್ದೂ ಬೆಂಗಳೂರಿನಲ್ಲಿಯೇ.

ಕೇಳಿದ್ದೊಂದು, ಬೇಕಾದದ್ದೊಂದು

ಗ್ರೀನ್ ಅವರಾಗಲಿ ರಂಗನಾಥನ್ ಅವರಾಗಲಿ ಕಲ್ಪಿಸಿಕೊಂಡಿದ್ದು ಮುಖಾಮುಖಿ ಮಾತನ್ನು. ಅದಕ್ಕೆ ಕಾರಣವೂ ಇದೆ. ಜನ ತಮಗೆ ಬೇಕಾದದ್ದನ್ನು ನೇರವಾಗಿ ಕೇಳುವುದು ಅಪರೂಪ. ರಾಬರ್ಟ್ ಟೇಲರ್ ಎಂಬ ಅಮೆರಿಕದ ವಿದ್ವಾಂಸರು 1968ರಲ್ಲಿ ಇದನ್ನು ನಾಲ್ಕು ಹಂತಗಳಾಗಿ ಬಿಡಿಸಿ ತೋರಿಸಿದರು. ಮೊದಲನೆಯದು ಮಾತಿಗೆ ಸಿಗದ ಒಂದು ಒಳಗಿನ ಕೊರತೆ. ಎರಡನೆಯದು ಮನಸ್ಸಿನಲ್ಲಿ ಮಸುಕಾಗಿ ಮೂಡಿದ ರೂಪ. ಮೂರನೆಯದು ಸ್ಪಷ್ಟವಾದ ಪ್ರಶ್ನೆ. ನಾಲ್ಕನೆಯದು, ಗ್ರಂಥಾಲಯದಲ್ಲಿ ಇದು ಸಿಕ್ಕೀತು, ಹೀಗೆ ಕೇಳಿದರೆ ತಪ್ಪಿಲ್ಲ ಎಂದು ಕೇಳುವವನೇ ಕತ್ತರಿಸಿ ಒಪ್ಪ ಮಾಡಿಕೊಂಡ ಪ್ರಶ್ನೆ. ಗ್ರಂಥಪಾಲಕನ ಕಿವಿಗೆ ಬೀಳುವುದು ಈ ನಾಲ್ಕನೆಯದು. ಕ್ಷಯರೋಗದ ಬಗ್ಗೆ ಪುಸ್ತಕ ಇದೆಯೇ ಎಂದು ಕೇಳುವ ಹುಡುಗ ಪರೀಕ್ಷೆಗೆ ಓದುತ್ತಿರಬಹುದು, ಇಲ್ಲವೇ ಮನೆಯಲ್ಲಿ ತಾಯಿ ಕೆಮ್ಮುತ್ತಿರಬಹುದು. ಅನುಭವಿಯಾದ ಗ್ರಂಥಪಾಲಕ ಎರಡು ಮಾತು ಮರಳಿ ಕೇಳಿ, ನಾಲ್ಕನೆಯ ಪ್ರಶ್ನೆಯಿಂದ ಮೊದಲನೆಯದರ ಕಡೆಗೆ ಇಳಿಯುತ್ತಾನೆ.

ಗೋಡೆಗೆ ಅಂಟಿಸಿದ ಚೀಟಿಯ ಲಾಭನಷ್ಟ ಎರಡೂ ಇಲ್ಲಿವೆ. ಹೆಸರಿಲ್ಲದ ಕಾರಣ ಕೇಳುವವನು ಪ್ರಶ್ನೆಯನ್ನು ಕತ್ತರಿಸಿ ಒಪ್ಪ ಮಾಡಬೇಕಾಗಿಲ್ಲ. ಒಳಗಿನ ಕೊರತೆಯನ್ನೇ ಬರೆದುಬಿಡಬಹುದು. ನನಗೆ ಗೆಳೆಯರೇ ಇಲ್ಲ, ಏನು ಮಾಡಲಿ ಎಂದು ಮೇಜಿನ ಹಿಂದಿನ ಅಪರಿಚಿತರನ್ನು ಯಾರು ಕೇಳಿಯಾರು? ಗೋಡೆಯನ್ನು ಕೇಳಬಹುದು. ಆದರೆ ಉತ್ತರ ಬರೆಯುವವರಿಗೆ ಮರಳಿ ಕೇಳುವ ದಾರಿ ಇಲ್ಲ. ಬರೆದವನ ವಯಸ್ಸೆಷ್ಟು, ಅವನು ತಮಾಷೆಗೆ ಕೇಳಿದನೇ, ನಿಜವಾಗಿ ಕಷ್ಟದಲ್ಲಿದ್ದಾನೆಯೇ, ತಿಳಿಯದು. ಹೀಗಾಗಿ ಒಂದೇ ಚೀಟಿಯನ್ನು ಬರೆದಿರಬಹುದಾದ ನಾಲ್ಕಾರು ಮಂದಿಯನ್ನು ಕಣ್ಣ ಮುಂದೆ ತಂದುಕೊಂಡು, ಅವರೆಲ್ಲರಿಗೂ ಸಲ್ಲುವ, ಯಾರನ್ನೂ ನೋಯಿಸದ ಉತ್ತರ ಬರೆಯಬೇಕಾಗುತ್ತದೆ. ತಮಾಷೆಯ ಪ್ರಶ್ನೆಗೆ ಗಂಭೀರ ಉತ್ತರ ಕೊಟ್ಟರೆ ಹೆಚ್ಚೆಂದರೆ ನಗೆಪಾಟಲು. ಗಂಭೀರ ಪ್ರಶ್ನೆಗೆ ತಮಾಷೆಯ ಉತ್ತರ ಕೊಟ್ಟರೆ ಅನಾಹುತ.

ಇಂಥ ಗೋಡೆಯ ಮೇಲೆ ಎಂದಾದರೊಂದು ದಿನ, ಬದುಕುವುದರಲ್ಲಿ ಅರ್ಥವಿದೆಯೇ ಎಂಬ ಚೀಟಿ ಕಾಣಿಸಿಕೊಳ್ಳದೆ ಇರದು. ಯಾರೆಂದು ಗೊತ್ತಿಲ್ಲ. ಬೆನ್ನಟ್ಟಿ ಹೋಗುವಂತಿಲ್ಲ. ಸಿಸಿಟಿವಿ ದೃಶ್ಯ ತೆಗೆದು ಹುಡುಕಿದರೆ, ಮರುದಿನದಿಂದ ಆ ಗೋಡೆಗೆ ಒಂದು ಚೀಟಿಯೂ ಬರಲಾರದು. ಸುಮ್ಮನಿದ್ದರೆ, ಬರೆದ ಜೀವ ಉತ್ತರಕ್ಕಾಗಿ ಬಂದು ಬರಿಗೋಡೆ ನೋಡಿ ಹೋದೀತು. ಉಳಿಯುವ ದಾರಿ ಒಂದೇ: ತಡಮಾಡದೆ, ಉಪದೇಶವಿಲ್ಲದೆ, ಮಾತನಾಡಲು ಇಂಥ ಕಡೆ ಇಂಥವರಿದ್ದಾರೆ ಎಂದು ಸ್ಥಳ, ಸಮಯ, ದೂರವಾಣಿ ಸಂಖ್ಯೆ ಸಹಿತ ಬರೆಯುವುದು. ಅದನ್ನು ಓದುವವರು ಬರೆದವರೊಬ್ಬರೇ ಆಗಿರುವುದಿಲ್ಲ. ಅದೇ ಪ್ರಶ್ನೆಯನ್ನು ಒಳಗಿಟ್ಟುಕೊಂಡು ಚೀಟಿ ಬರೆಯಲೂ ಧೈರ್ಯವಾಗದ ಇನ್ನು ಹತ್ತು ಮಂದಿ ಆ ದಾರಿಯಲ್ಲಿ ನಡೆದುಹೋಗುತ್ತಾರೆ. ಒಬ್ಬರ ಕಿವಿಯಲ್ಲಿ ಹೇಳುವ ಉತ್ತರಕ್ಕೆ ಇಲ್ಲದ ಗುಣ ಗೋಡೆಯ ಉತ್ತರಕ್ಕೆ ಇರುವುದು ಇಲ್ಲಿಯೇ.

ಯಾರು ಕೇಳಿದರು?

ಓದುಗನ ಗುಟ್ಟನ್ನು ಕಾಯುವುದು ಗ್ರಂಥಾಲಯದ ಧರ್ಮವೆಂದು ಅಮೆರಿಕದ ಗ್ರಂಥಾಲಯ ಸಂಘ 1939ರ ತನ್ನ ನೀತಿಸಂಹಿತೆಯಲ್ಲಿಯೇ ಬರೆದಿಟ್ಟಿತ್ತು. ಅದರ ಬೆಲೆ ಗೊತ್ತಾದದ್ದು ಶೀತಲ ಸಮರದ ಕೊನೆಯ ವರ್ಷಗಳಲ್ಲಿ. 1987ರಲ್ಲಿ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಅಧಿಕಾರಿಗಳು ಕೊಲಂಬಿಯಾ ವಿಶ್ವವಿದ್ಯಾಲಯದ ಗಣಿತ ಮತ್ತು ವಿಜ್ಞಾನ ಗ್ರಂಥಾಲಯಕ್ಕೆ ಹೋಗಿ, ವಿದೇಶೀಯರು ಏನು ಓದುತ್ತಾರೆಂದು ವಿಚಾರಿಸಿದರು. ಗ್ರಂಥಪಾಲಕರು ಹೇಳಲು ಒಪ್ಪಲಿಲ್ಲ. ವಿಷಯ ಪತ್ರಿಕೆಗಳಿಗೆ ತಲಪಿತು. ಬಹಳ ವರ್ಷಗಳಿಂದ ಹೀಗೆ ಗ್ರಂಥಾಲಯಗಳ ಮೇಲೆ ಕಣ್ಣಿಡುತ್ತಿದ್ದ ಕಾರ್ಯಕ್ರಮವೊಂದು ಬಯಲಾಯಿತು. 2001ರ ಭಯೋತ್ಪಾದಕ ದಾಳಿಯ ನಂತರ ಬಂದ ‘ಪೇಟ್ರಿಯಟ್’ ಕಾಯಿದೆ ಓದುಗರ ದಾಖಲೆ ಕೇಳುವ ಅಧಿಕಾರವನ್ನು ವಿಸ್ತರಿಸಿದಾಗ, ಅದನ್ನು ಗಟ್ಟಿಯಾಗಿ ವಿರೋಧಿಸಿದವರಲ್ಲಿ ಗ್ರಂಥಪಾಲಕರೂ ಇದ್ದರು.

ಈಗ ಅಂತರಜಾಲವಿರುವಾಗ ಗೋಡೆಯ ಗೊಡವೆ ಏಕೆ, ಮೊಬೈಲಿನಲ್ಲಿ ಯಾರಿಗೂ ತಿಳಿಯದಂತೆ ಕೇಳಬಹುದಲ್ಲ ಎನ್ನುವವರಿದ್ದಾರೆ. ಯಾರಿಗೂ ತಿಳಿಯದಂತೆ ಎಂಬುದು ಅಷ್ಟು ನಿಜವಲ್ಲ. 2006ರ ಆಗಸ್ಟ್‌ನಲ್ಲಿ ಎಓಎಲ್ ಎಂಬ ಅಮೆರಿಕದ ಅಂತರಜಾಲ ಕಂಪನಿ, ಸುಮಾರು 6.5 ಲಕ್ಷ ಮಂದಿ ಮೂರು ತಿಂಗಳಲ್ಲಿ ಹುಡುಕಿದ ಮಾತುಗಳನ್ನು ಸಂಶೋಧಕರ ಉಪಯೋಗಕ್ಕೆಂದು ಪ್ರಕಟಿಸಿತು. ಹೆಸರುಗಳನ್ನು ತೆಗೆದು ಸಂಖ್ಯೆಗಳನ್ನು ಹಾಕಿತ್ತು. ಕೆಲವೇ ದಿನಗಳಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ವರದಿಗಾರರು 4417749 ಎಂಬ ಸಂಖ್ಯೆಯ ಹಿಂದಿದ್ದ ವೃದ್ಧೆಯ ಮನೆ ಬಾಗಿಲಿಗೆ ಹೋಗಿ ನಿಂತರು. ಆಕೆ ಹುಡುಕಿದ ಊರು, ಬಂಧುಗಳ ಹೆಸರು, ಕಾಯಿಲೆಗಳೇ ಆಕೆಯ ಗುರುತು ಹೇಳಿದ್ದವು. ಯಂತ್ರಕ್ಕೆ ಕೇಳಿದ ಪ್ರಶ್ನೆಗಳು ಒಂದಕ್ಕೊಂದು ಕೂಡಿಕೊಂಡು ಕೇಳಿದವನ ಚಿತ್ರ ಬರೆಯುತ್ತವೆ. ಅಂಟುಚೀಟಿ ಒಂದು ಪ್ರಶ್ನೆಯನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಪ್ರಶ್ನೆ ಕೇಳಿದರೆ ಕ್ಷಣದಲ್ಲಿ ವಾಕ್ಯಗಳನ್ನು ಹೆಣೆದು ಕೊಡುವ ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ಈ ವ್ಯತ್ಯಾಸ ಇನ್ನಷ್ಟು ಮುಖ್ಯವಾಗಿದೆ.

ನಮ್ಮ ಬಾಗಿಲಲ್ಲಿ

ಈಗ ನಮ್ಮ ಕಡೆ ನೋಡೋಣ. ನಮ್ಮ ಎಷ್ಟೋ ಕಾಲೇಜು, ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ಬಾಗಿಲಲ್ಲೇ ಒಂದು ದಪ್ಪ ರಿಜಿಸ್ಟರು ಇರುತ್ತದೆ. ಹೆಸರು, ತರಗತಿ, ಬಂದ ಸಮಯ, ಸಹಿ. ಒಳಗೆ ಹೋಗುವ ಮೊದಲೇ ನಾವು ಯಾರೆಂದು ಹೇಳಿಯಾಗಿರುತ್ತದೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗಿಗೆ ಇನ್ನೊಂದು ತೊಡಕು ಕಾದಿರುತ್ತದೆ. ಪುಸ್ತಕದ ಸೂಚಿ ಇಂಗ್ಲಿಷಿನಲ್ಲಿ, ಫಲಕಗಳು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಕೇಳಿದರೆ ಏನೆಂದುಕೊಳ್ಳುತ್ತಾರೋ, ಇಂಗ್ಲಿಷಿನಲ್ಲಿ ಕೇಳಿ ತಪ್ಪಾದರೆ ಇನ್ನೇನಾಗುತ್ತದೋ ಎಂದು ಅವಳು ಕೇಳುವುದನ್ನೇ ಬಿಡುತ್ತಾಳೆ. ರಂಗನಾಥನ್ ಅವರ ಎರಡನೆಯ ಸೂತ್ರ ಸೋಲುವುದು ಇಂಥ ಕಡೆ. ಪುಸ್ತಕ ಕಪಾಟಿನಲ್ಲಿದೆ, ಓದುಗಳು ಬಾಗಿಲಲ್ಲಿದ್ದಾಳೆ, ನಡುವಿನ ಪ್ರಶ್ನೆ ಹುಟ್ಟಲೇ ಇಲ್ಲ.

ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ಸಲಹಾ ಪೆಟ್ಟಿಗೆ ಅನೇಕ ಗ್ರಂಥಾಲಯಗಳಲ್ಲಿ ಈಗಾಗಲೇ ಇದೆ, ಬೀಗ ಹಾಕಿಸಿಕೊಂಡು ಧೂಳು ತಿನ್ನುತ್ತಿದೆ. ಅದರಲ್ಲಿ ಬಿದ್ದ ಚೀಟಿ ಏನಾಯಿತೆಂದು ಹಾಕಿದವನಿಗೆ ತಿಳಿಯುವುದೇ ಇಲ್ಲ. ಪೆಟ್ಟಿಗೆಯ ಬದಲು ಒಂದು ಫಲಕ, ಒಂದಿಷ್ಟು ಚೀಟಿ, ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲಿ ಉತ್ತರ, ಉತ್ತರದ ಕೊನೆಗೆ ಒಂದು ಪುಸ್ತಕದ ಹೆಸರು ಮತ್ತು ಅದಿರುವ ಕಪಾಟಿನ ಸಂಖ್ಯೆ. ಮನಸ್ಸಿನ ಕಷ್ಟ ಬರೆದವರಿಗೆ ಆಪ್ತ ಸಮಾಲೋಚಕರ ವಿಳಾಸ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಯ 14416 ಎಂಬ ಸಂಖ್ಯೆ. ಇಷ್ಟೇ ಸಾಮಗ್ರಿ.

ಕಷ್ಟವಿರುವುದು ಉತ್ತರಿಸುವವರನ್ನು ಹುಡುಕುವುದರಲ್ಲಿ. ದಿನಕ್ಕೊಂದು ಗಂಟೆ ಆ ಕೆಲಸಕ್ಕೆಂದೇ ಬಿಟ್ಟುಕೊಡಬೇಕು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ಹುಡುಕಿ ನಾಳೆ ಹೇಳುತ್ತೇನೆ ಎಂದು ಬರೆಯುವ ಧೈರ್ಯ ಬೇಕು. ಅಕ್ಷರದ ಗುರುತು ಸಿಕ್ಕರೂ ಸಿಗದವರಂತೆ ಇರುವ ಸಂಯಮ ಬೇಕು. ‘ಈ ಪ್ರಶ್ನೆ ಬರೆದವರು ಯಾರು’ ಎಂದು ಪ್ರಾಂಶುಪಾಲರು ಕರೆಸಿ ಕೇಳಿದರೆ, ‘ಗೊತ್ತಿಲ್ಲ ಸಾರ್, ಉತ್ತರ ಮಾತ್ರ ನಾನು ಬರೆದದ್ದು’ ಎಂದು ಹೇಳಿ ಬರಬೇಕು. ಇಂಥವರೊಬ್ಬರು ಸಿಕ್ಕರೆ ಗೋಡೆ ಯಾವ ಗ್ರಂಥಾಲಯದಲ್ಲಾದರೂ ಮಾತನಾಡೀತು.